ಬಳೆಯಿಂದ ಬಂದ ಬಲ

ಅಮೆರಿಕದ ಮಾರ್ವೆಲ್ ಕಂಪನಿಯ 'ಮಿಸ್ ಮಾರ್ವೆಲ್' ಧಾರಾವಾಹಿಯ ಮೊದಲ ಕಂತು 2022ರ ಜೂನ್ 8ರಂದು ಬಂದಾಗ ನಮ್ಮ ವಿದ್ಯಾವಂತರ ವಲಯದಲ್ಲಿ ಒಂದು ಬಗೆಯ ಈದ್ ಸಂಭ್ರಮವೇ ಕಾಣಿಸಿಕೊಂಡಿತು. ಕಮಲಾ ಖಾನ್ ಎಂಬ ಹದಿನಾರು ವರ್ಷದ ಹುಡುಗಿ. ಮನೆಯಲ್ಲಿ ಅಮ್ಮಿ, ಅಬ್ಬು ಮತ್ತು ನಮಾಝು ತಪ್ಪಿಸದ ಅಣ್ಣ. ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್‌ಗಳ ಸಾಲಿನಲ್ಲಿ ಕಡೆಗೂ ನಮ್ಮವಳೊಬ್ಬಳು ನಿಂತಳಲ್ಲ ಎಂದು ಜನ ಹಿಗ್ಗಿದರು. ಹಾಲಿವುಡ್ಡಿನಲ್ಲಿ ಮುಸ್ಲಿಮ್ ಹೆಸರು ಕೇಳಿಸಿತೆಂದರೆ ಹಿಂದೆಯೇ ಬಾಂಬು ಸಿಡಿಯುವುದನ್ನು ನೋಡಿ ನೋಡಿ ಬೇಸತ್ತವರಿಗೆ ಈ ಹಿಗ್ಗು ಸಹಜವೇ. ಈಗಲೂ ಯಾವುದಾದರೂ ವಿಚಾರ ಸಂಕಿರಣದಲ್ಲಿ ಮಾಧ್ಯಮ ಮತ್ತು ಮುಸ್ಲಿಮರ ಮಾತು ಬಂದರೆ ಯಾರಾದರೊಬ್ಬರು ಎದ್ದು ಈ ಧಾರಾವಾಹಿಯನ್ನು ಉದಾಹರಣೆಯಾಗಿ ಎತ್ತಿ ಹಿಡಿಯುತ್ತಾರೆ. ಆ ಮೊದಲ ಕಂತು ನಿರಾಶೆ ಹುಟ್ಟಿಸುವ ಕಂತು ಎಂಬುದು ನನ್ನ ವಾದ. ಶಿವಮೊಗ್ಗ, ಭದ್ರಾವತಿಯ ಗಲ್ಲಿಗಳಲ್ಲಿ ಬೆಳೆಯುತ್ತಿರುವ ಮಕ್ಕಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ನಿರಾಶೆ ಇನ್ನೂ ದೊಡ್ಡದಾಗುತ್ತದೆ.

ಮೊದಲಿಗೆ ಎರಡು ಗುಂಪುಗಳಿಂದ ನನ್ನ ಮಾತನ್ನು ಬೇರ್ಪಡಿಸಬೇಕಾಗಿದೆ. ಈ ಧಾರಾವಾಹಿ ಬಂದ ಹೊಸತರಲ್ಲೇ ಅಂತರ್ಜಾಲದಲ್ಲಿ ಒಂದು ಪಡೆ ಅದಕ್ಕೆ ಕನಿಷ್ಠ ಅಂಕ ಸುರಿದು ಕೆಡವಲು ನಿಂತಿತ್ತು. ನಾಯಕಿ ಕಂದು ಬಣ್ಣದವಳು, ಮುಸ್ಲಿಮಳು, ಹೆಣ್ಣು ಎಂಬ ಮೂರು 'ಅಪರಾಧ'ಗಳು ಆ ಪಡೆಗೆ ಸಾಕಾಗಿದ್ದವು. ಅವರ ತಕರಾರಿಗೂ ನನ್ನ ತಕರಾರಿಗೂ ಸಂಬಂಧವಿಲ್ಲ. ಇನ್ನೊಂದು ಗುಂಪು ನಮ್ಮೊಳಗೇ ಇದೆ. ಟೀವಿ ಎಂದರೇ ಫಿತ್ನಾ, ಹುಡುಗಿ ಹಾರಿದರೆ ಕುಣಿದರೆ ಕಿಯಾಮತ್ ಹತ್ತಿರ ಬಂತು ಎನ್ನುವ ಹಿರಿಯರು. ಅವರು ಧಾರಾವಾಹಿಯನ್ನು ನೋಡಿಲ್ಲ, ನೋಡುವುದೂ ಇಲ್ಲ. ಆದ್ದರಿಂದ ಅವರ ತೀರ್ಪಿಗೂ ಬೆಲೆಯಿಲ್ಲ. ನಾನು ನೋಡಿದ್ದೇನೆ, ಆರೂ ಕಂತುಗಳನ್ನು ನೋಡಿದ್ದೇನೆ. ಕಥೆ ಬರೆಯುವವನಾಗಿ ಒಂದು ಕಥೆಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ನೋಡದವರಿಗಾಗಿ ಕಂತಿನ ಸಾರಾಂಶ ಹೇಳುತ್ತೇನೆ. ಕಮಲಾ ಇರುವುದು ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ. ಕಾರು ಓಡಿಸುವ ಪರೀಕ್ಷೆಯಲ್ಲಿ ಫೇಲಾಗುತ್ತಾಳೆ. ತರಗತಿಯಲ್ಲಿ ಕನಸು ಕಾಣುತ್ತಾಳೆ. ಅವಳ ಆರಾಧ್ಯ ದೈವ ಕ್ಯಾಪ್ಟನ್ ಮಾರ್ವೆಲ್ ಎಂಬ ಹೊಂಗೂದಲಿನ ವೀರನಾರಿ. ಊರಿನ ಸಮೀಪ ಸೂಪರ್‌ಹೀರೋ ಅಭಿಮಾನಿಗಳ ಒಂದು ಜಾತ್ರೆ ನಡೆಯಲಿದೆ, ಅದರ ಹೆಸರು ಅವೆಂಜರ್‌ಕಾನ್. ಅಲ್ಲಿಗೆ ವೇಷ ಹಾಕಿಕೊಂಡು ಹೋಗಬೇಕು ಎಂಬುದು ಅವಳ ಜೀವದ ಆಸೆ. ಅಮ್ಮಿ ಬೇಡ ಎನ್ನುತ್ತಾಳೆ. ಆಮೇಲೆ ಮನಸ್ಸು ಕರಗಿ, ಅಬ್ಬು ಜೊತೆಯಲ್ಲಿ ಹೋಗುವುದಾದರೆ ಸರಿ ಎನ್ನುತ್ತಾಳೆ. ಅಬ್ಬು ಪಾಪ, ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು ಹಸಿರು ಸಲ್ವಾರ್ ಕಮೀಝಿನಲ್ಲಿ ಹಲ್ಕ್ ಆಗಿ ಬಂದು ನಿಲ್ಲುತ್ತಾನೆ. ಮಗಳಿಗೆ ಅದು ಅವಮಾನ. ರಾತ್ರಿ ಕಿಟಕಿಯಿಂದ ಇಳಿದು ಗೆಳೆಯನೊಂದಿಗೆ ಹೋಗುತ್ತಾಳೆ. ಕರಾಚಿಯಿಂದ ನಾನಿ ಕಳಿಸಿದ ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಬಳೆಯನ್ನು ವೇಷಕ್ಕೆ ಚೆಂದ ಕಾಣಲಿ ಎಂದು ಕೈಗೆ ಏರಿಸುತ್ತಾಳೆ. ಬಳೆಯಿಂದ ಬೆಳಕು ಚಿಮ್ಮುತ್ತದೆ, ಜಾತ್ರೆಯ ಅಲಂಕಾರಗಳು ಕುಸಿಯುತ್ತವೆ. ಅಪಾಯಕ್ಕೆ ಸಿಕ್ಕಿಕೊಂಡ ಸಹಪಾಠಿಯೊಬ್ಬಳನ್ನು ಅದೇ ಬೆಳಕಿನ ಕೈ ಚಾಚಿ ಕಾಪಾಡುತ್ತಾಳೆ. ಮನೆಗೆ ಬಂದರೆ ಅಮ್ಮಿ ಕಾದು ಕುಳಿತಿರುತ್ತಾಳೆ. ಇಷ್ಟು.

ಅಬ್ಬು ಹಸಿರು ಬಣ್ಣ ಬಳಿದುಕೊಂಡು ನಿಲ್ಲುವ ದೃಶ್ಯ ನಿಜಕ್ಕೂ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕು. ಪರದೇಶದಲ್ಲಿ ಮಗಳ ಲೋಕದೊಳಗೆ ಕಾಲಿಡಲು ಒಬ್ಬ ತಂದೆ ಎಷ್ಟು ಬಾಗಬಹುದು ಎಂಬುದು ಅಲ್ಲಿ ಕಾಣುತ್ತದೆ. ಕಮಲಾ ಪಾತ್ರ ವಹಿಸಿದ ಇಮಾನ್ ವೆಲ್ಲಾನಿ ಎಂಬ ಹುಡುಗಿಯ ನಟನೆಯೂ ಲವಲವಿಕೆಯದು. ಅವಳ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಕಥೆ ಕಟ್ಟಿದ ರೀತಿಯ ಮೇಲೆ.

ನನ್ನ ಮೊದಲ ಆಕ್ಷೇಪ ಇದು. ಈ ಹುಡುಗಿಗೆ ಬೇಕಾಗಿರುವುದಾದರೂ ಏನು? ಯಾವ ಕಥೆಯಲ್ಲೂ ನಾಯಕನ ಆಸೆಯೇ ಕಥೆಯ ಬೆನ್ನೆಲುಬು. ಹಾತಿಂ ತಾಯಿಗೆ ಏಳು ಪ್ರಶ್ನೆಗಳಿಗೆ ಉತ್ತರ ಬೇಕಿತ್ತು, ಅದೂ ಇನ್ನೊಬ್ಬನ ಪ್ರೇಮ ಫಲಿಸಲೆಂದು. ಕಮಲಾಳಿಗೆ ಬೇಕಾಗಿರುವುದು ಒಂದು ಜಾತ್ರೆಯ ಪ್ರವೇಶ. ಆ ಜಾತ್ರೆಯಲ್ಲಿ ತುಂಬಿರುವುದು ಮಾರ್ವೆಲ್ ಕಂಪನಿಯ ಗೊಂಬೆ, ಮಾರ್ವೆಲ್ ಕಂಪನಿಯ ವೇಷ, ಮಾರ್ವೆಲ್ ಕಂಪನಿಯ ವೀರರ ಚಿತ್ರಪಟ. 2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲ್ಲನ್ನು ಕೊಂಡಿತು. ಕೊಂಡವನಿಗೆ ಸರಕು ಮಾರಬೇಕಾಗುತ್ತದೆ, ಅದು ವ್ಯಾಪಾರದ ನಿಯಮ. ಆದರೆ ನಮ್ಮ ಪಾಲಿಗೆ ಮೊತ್ತಮೊದಲು ಬಂದ ಮುಸ್ಲಿಮ್ ವೀರಬಾಲೆಯ ಪರಮೋಚ್ಚ ಕನಸು ತನ್ನನ್ನು ಸೃಷ್ಟಿಸಿದ ಕಂಪನಿಯ ಗಿರಾಕಿಯಾಗುವುದು ಎಂದಾದರೆ, ಅಲ್ಲಿ ಬಿಡುಗಡೆಯಾದದ್ದು ಹುಡುಗಿಯೋ ಸರಕೋ? ಸ್ವಾತಂತ್ರ್ಯ ಎಂದರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಎಂಬ ಪಾಠವನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲು ಜಾಹೀರಾತುಗಳು ಈಗಾಗಲೇ ಧಾರಾಳವಾಗಿವೆ.

ಎರಡನೆಯದು ಇನ್ನೂ ಗಂಭೀರವಾದದ್ದು. ಈ ಕಂತಿನಲ್ಲಿ ಹುಡುಗಿಯ ದಾರಿಗೆ ಅಡ್ಡ ನಿಂತವರು ಯಾರು? ಅವಳ ತಾಯಿ. ಮುಸ್ಲಿಮ್ ಹುಡುಗಿಯ ಕಥೆ ಎಂದರೆ ಮನೆ ಎಂಬ ಬೋನಿನಿಂದ ತಪ್ಪಿಸಿಕೊಳ್ಳುವ ಕಥೆ ಎಂಬುದು ಪಶ್ಚಿಮದ ಹಳೆಯ ಚಟ. ಅದನ್ನೇ ಇಲ್ಲಿ ಸಕ್ಕರೆ ಸವರಿ ಬಡಿಸಿದ್ದಾರೆ. ಮನೆಯೊಳಗೆ ಕಟ್ಟುಪಾಡುಗಳೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇವೆ, ಬೇಕಾದಷ್ಟಿವೆ. ಅವುಗಳ ಬಗ್ಗೆ ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಅವರಿಗಿಂತ ನಿಷ್ಠುರವಾಗಿ ಬರೆದವರು ಯಾರು? 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ಬಾಳು ಹಾಳಾದದ್ದು ತಂದೆಯ ಹಠದಿಂದ. ಆದರೆ ಸಾರಾ ಅಲ್ಲಿಗೇ ನಿಲ್ಲಲಿಲ್ಲ. ತಲಾಖಿನ ದುರುಪಯೋಗ, ಧರ್ಮದ ಹೆಸರಿನಲ್ಲಿ ತೀರ್ಪು ಕೊಡುವ ಗಂಡಸರು, ಎದುರಾಡಲಾರದ ತಾಯಿಯ ಮೂಕಸಂಕಟ, ಬಡತನ, ಎಲ್ಲವನ್ನೂ ಬಿಡಿಸಿ ತೋರಿಸಿದರು. ಅಲ್ಲಿ ಮನೆಯ ಗೋಡೆಗೆ ಕಾರಣಗಳಿವೆ. ಮಿಸ್ ಮಾರ್ವೆಲ್ಲಿನ ಮೊದಲ ಕಂತಿನಲ್ಲಿ ಅಮ್ಮಿ ಯಾಕೆ ಹೆದರುತ್ತಾಳೆ ಎಂದು ಯಾರೂ ಕೇಳುವುದಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ನ್ಯೂಯಾರ್ಕ್ ಪೊಲೀಸರು ನ್ಯೂಜೆರ್ಸಿಯ ಮಸೀದಿಗಳ, ಮುಸ್ಲಿಮ್ ಅಂಗಡಿಗಳ, ವಿದ್ಯಾರ್ಥಿ ಸಂಘಗಳ ಮೇಲೆ ಗುಪ್ತವಾಗಿ ಕಣ್ಣಿಟ್ಟಿದ್ದರು. ಅದು ಬಯಲಾಗಿ ನ್ಯಾಯಾಲಯದಲ್ಲಿ ದಾವೆಯೂ ನಡೆದು 2018ರಲ್ಲಿ ರಾಜಿಯಾಯಿತು. ಅಂಥ ಊರಿನಲ್ಲಿ ಮಗಳನ್ನು ರಾತ್ರಿ ಹೊರಗೆ ಕಳಿಸಲು ಒಬ್ಬ ತಾಯಿ ಅಂಜಿದರೆ ಅದಕ್ಕೆ ಚರಿತ್ರೆಯಿದೆ. ಕಂತು ಅವಳ ಅಂಜಿಕೆಯನ್ನು ನಗೆಚಾಟಿಕೆಗೆ ಬಳಸಿಕೊಂಡು ಮುಂದೆ ಸಾಗುತ್ತದೆ.

ಈಗ ಅದೇ 2022ನೇ ಇಸವಿಯಲ್ಲಿ ನಮ್ಮಲ್ಲಿ ಏನು ನಡೆದಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಉಡುಪಿಯ ಕಾಲೇಜೊಂದರಲ್ಲಿ ಶುರುವಾದ ಹಿಜಾಬಿನ ತಗಾದೆ ಫೆಬ್ರವರಿಯ ಹೊತ್ತಿಗೆ ರಾಜ್ಯವನ್ನೆಲ್ಲ ಆವರಿಸಿತು. ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಫೆಬ್ರವರಿ 8ರಂದು ಶಿವಮೊಗ್ಗದ ಬಾಪೂಜಿ ನಗರದ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಕಂಬಕ್ಕೆ ಹುಡುಗರು ಕೇಸರಿ ಧ್ವಜ ಏರಿಸಿದರು. ಊರಿಗೆ ನಿಷೇಧಾಜ್ಞೆ ಬಿತ್ತು, ಮರುದಿನದಿಂದ ರಾಜ್ಯದ ಪ್ರೌಢಶಾಲೆ ಕಾಲೇಜುಗಳಿಗೆ ಮೂರು ದಿನ ಬೀಗ. ಫೆಬ್ರವರಿ 14ರಂದು ಪ್ರೌಢಶಾಲೆಗಳು ಮತ್ತೆ ತೆರೆದಾಗ ಶಿವಮೊಗ್ಗದಲ್ಲಿ ಹತ್ತನೇ ತರಗತಿಯ ಕೆಲವು ಹೆಣ್ಣುಮಕ್ಕಳು ತಲೆವಸ್ತ್ರ ತೆಗೆಯಲಾರದೆ ಪೂರ್ವಸಿದ್ಧತಾ ಪರೀಕ್ಷೆ ಬರೆಯದೆ ಮನೆಗೆ ಮರಳಿದರು. ಫೆಬ್ರವರಿ 20ರ ರಾತ್ರಿ ಊರಿನಲ್ಲಿ ಒಬ್ಬ ಹಿಂದೂ ಯುವಕನ ಕೊಲೆಯಾಯಿತು. ಒಂದು ತಾಯಿಯ ಮಡಿಲು ಬರಿದಾಯಿತು, ಮರುದಿನ ಕಲ್ಲು ತೂರಾಟ, ಬೆಂಕಿ, ಮತ್ತೆ ನಿಷೇಧಾಜ್ಞೆ. ಎರಡೂ ಕಡೆಯ ಮಕ್ಕಳು ಪುಸ್ತಕ ಮಡಚಿಟ್ಟು ಕಿಟಕಿಯಿಂದ ಖಾಲಿ ರಸ್ತೆ ನೋಡುತ್ತ ಕುಳಿತರು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಸರಕಾರದ ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು.

ಈ ಎರಡು ತೀರ್ಪುಗಳ ನಡುವಿನ ತಿಂಗಳುಗಳಲ್ಲಿ ಈ ಧಾರಾವಾಹಿ ನಮ್ಮ ಮಕ್ಕಳ ಮೊಬೈಲಿಗೆ ಬಂತು. ಭದ್ರಾವತಿಯ ಕಾಗದನಗರದ ಕಡೆ ಬಂಧುಗಳ ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲ ಕಂತನ್ನು ನೋಡಿ ಮುಗಿಸಿ ನನ್ನನ್ನು ಕೇಳಿದ್ದು ಬಳೆಯ ಬಗ್ಗೆ ಅಲ್ಲ, ಬೆಳಕಿನ ಬಗ್ಗೆಯೂ ಅಲ್ಲ. ಕಮಲಾಳಿಗೆ ನಕಿಯಾ ಎಂಬ ಗೆಳತಿಯಿದ್ದಾಳೆ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಶಾಲೆಗೆ ಬರುತ್ತಾಳೆ. "ಮಾಮೂ, ಆ ಹುಡುಗಿ ಹಾಗೇ ಕ್ಲಾಸಿಗೆ ಹೋದ್ಲಲ್ಲ, ಅಲ್ಲಿ ಗೇಟಿನಲ್ಲಿ ಯಾರೂ ನಿಲ್ಲಿಸಲ್ವಾ?" ಎಂದು ಕೇಳಿದಳು. ಕೋಟಿಗಟ್ಟಲೆ ಖರ್ಚು ಮಾಡಿ ತೋರಿಸಿದ ಪವಾಡಗಳಲ್ಲಿ ಅವಳಿಗೆ ಪವಾಡವಾಗಿ ಕಂಡದ್ದು ಒಂದು ಹುಡುಗಿ ತರಗತಿಯೊಳಕ್ಕೆ ನಡೆದು ಹೋದದ್ದು. ಅದನ್ನು ಧಾರಾವಾಹಿಯವರು ಪವಾಡವೆಂದು ತೋರಿಸಿಯೇ ಇರಲಿಲ್ಲ. ನಮ್ಮ ಊರಿನಲ್ಲಿ ಆ ವರ್ಷ ತಾಯಂದಿರು ಮಗಳನ್ನು ಹೊರಗೆ ಹೋಗದಂತೆ ತಡೆಯುತ್ತಿರಲಿಲ್ಲ, ಒಳಗೆ ಬಿಡಿ ಎಂದು ಶಾಲೆಯ ಗೇಟಿನ ಮುಂದೆ ನಿಂತು ಬೇಡುತ್ತಿದ್ದರು. ತಾಯಿಯನ್ನೇ ಬೋನಿನ ಕಾವಲುಗಾರಳನ್ನಾಗಿ ಮಾಡಿದ ಕಥೆ ಈ ಹುಡುಗಿಗೆ ಏನು ಹೇಳೀತು?

ಮೂರನೆಯ ಆಕ್ಷೇಪ ಬಲದ ಮೂಲದ ಬಗ್ಗೆ. ಕಮಲಾ ಖಾನ್ ಮೊದಲು ಹುಟ್ಟಿದ್ದು ಚಿತ್ರಕಥೆಯ ಪುಸ್ತಕದಲ್ಲಿ. ನ್ಯೂಜೆರ್ಸಿಯಲ್ಲಿ ಬೆಳೆದ ಸನಾ ಅಮಾನತ್ ಎಂಬ ಸಂಪಾದಕಿ, ಇಸ್ಲಾಮ್ ಸ್ವೀಕರಿಸಿದ ಜಿ. ವಿಲ್ಲೋ ವಿಲ್ಸನ್ ಎಂಬ ಲೇಖಕಿ, ಏಡ್ರಿಯನ್ ಆಲ್ಫೋನಾ ಎಂಬ ಚಿತ್ರಕಾರ ಮೊದಲಾದವರು ಸೇರಿ ರೂಪಿಸಿದ ಪಾತ್ರ ಅದು. 2014ರಲ್ಲಿ ಅವಳ ಹೆಸರಿನ ಸರಣಿಯೇ ಆರಂಭವಾಯಿತು, ಅದರ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿಯೂ ಬಂತು. ಆ ಪುಸ್ತಕದಲ್ಲಿ ಕಮಲಾಳಿಗೆ ತನ್ನ ದೇಹದ ರೂಪವನ್ನು ಬದಲಿಸುವ ಶಕ್ತಿ ಬರುತ್ತದೆ. ಬಂದ ಕೂಡಲೇ ಅವಳು ತಾನು ಆರಾಧಿಸುತ್ತಿದ್ದ ಬಿಳಿಯ ಹೊಂಗೂದಲಿನ ನಾಯಕಿಯ ರೂಪ ತಾಳುತ್ತಾಳೆ. ತಾಳಿದ ಮೇಲೆ ಆ ಉಡುಪು ಚುಚ್ಚುತ್ತದೆ, ಆ ಕೂದಲು ಕಣ್ಣಿಗೆ ಬೀಳುತ್ತದೆ. ಇನ್ನೊಬ್ಬಳಾಗುವುದು ಸುಖವಲ್ಲ ಎಂಬುದು ಅರಿವಾಗುತ್ತದೆ. ಅಷ್ಟರಲ್ಲಿ ತನ್ನನ್ನು ಸದಾ ಹೀಯಾಳಿಸುತ್ತಿದ್ದ ಹುಡುಗಿ ನೀರಿಗೆ ಬೀಳುತ್ತಾಳೆ. ಒಂದು ಜೀವವನ್ನು ಉಳಿಸುವುದರ ಮಹತ್ವ ಹೇಳುವ ಕುರ್‌ಆನಿನ ಆಯತ್ತು ಕಮಲಾಳಿಗೆ ನೆನಪಾಗುತ್ತದೆ, ಅವಳನ್ನು ಕಾಪಾಡುತ್ತಾಳೆ. ಇದು ಕಥೆ. ಬಿಳಿಯರ ನಡುವೆ ಬೆಳೆಯುವ ಕಂದು ಹುಡುಗಿಯ ಮನಸ್ಸಿನ ಗಂಟು ಅದರಲ್ಲಿದೆ, ಅವಳ ದೀನು ಅವಳನ್ನು ಒಂದು ಕೆಲಸಕ್ಕೆ ಹಚ್ಚುವುದೂ ಅದರಲ್ಲಿದೆ.

ಧಾರಾವಾಹಿಯವರು ಇದನ್ನು ಕಿತ್ತು ಬಿಸಾಡಿ ಒಂದು ಬಳೆ ಇಟ್ಟರು. ಇಲ್ಲಿ ಅವಳ ದೇಹ ಬದಲಾಗುವುದಿಲ್ಲ, ಆದ್ದರಿಂದ ಆ ಸಂಕಟವೂ ಇಲ್ಲ. ಅವಳು ಕಾಪಾಡುವುದು ತನ್ನದೇ ಬಳೆಯಿಂದ ಆದ ಅನಾಹುತದಲ್ಲಿ ಸಿಕ್ಕಿಕೊಂಡವಳನ್ನು. ಮನೆಗೆ ತಾನೇ ಬೆಂಕಿ ಹಚ್ಚಿ ಒಂದು ಕೊಡ ನೀರು ಎರಚಿದವನನ್ನು ನಾವು ಹೀರೋ ಎನ್ನುತ್ತೇವೆಯೇ?

ಕೊಡುಗೆಯಾಗಿ ಬಂದ ಶಕ್ತಿ ನಮ್ಮ ಹಳೆಯ ಕಥೆಗಳಲ್ಲೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ದಾಸ್ತಾನೆ ಅಮೀರ್ ಹಂಝಾದ ಅಮರ್ ಅಯ್ಯಾರನ ಝಂಬೀಲ್ ಎಂಬ ಚೀಲ ಕೊಡುಗೆಯಾಗಿಯೇ ಬಂದದ್ದು, ಅದರೊಳಗೆ ಲೋಕಗಳೇ ಹಿಡಿಸುತ್ತವೆ. ಆದರೆ ಅಮರ್ ಅಯ್ಯಾರನನ್ನು ನಾವು ನೆನಪಿಟ್ಟುಕೊಂಡಿರುವುದು ಚೀಲಕ್ಕಾಗಿ ಅಲ್ಲ, ಅವನ ಬುದ್ಧಿಗಾಗಿ, ಜಿಪುಣತನಕ್ಕಾಗಿ, ದೊಡ್ಡ ದೊಡ್ಡ ಮಾಂತ್ರಿಕರನ್ನು ಮಾತಿನಲ್ಲೇ ಮಕಾಡೆ ಕೆಡವುವ ಚಾಲಾಕಿಗಾಗಿ. ಝಂಬೀಲ್ ಕಿತ್ತುಕೊಂಡರೂ ಅಮರ್ ಅಮರನೇ. ಮೊದಲ ಕಂತಿನ ಕಮಲಾಳ ಬಳೆ ಕಳಚಿದರೆ ಉಳಿಯುವುದು ಅಬ್ಬುವಿಗೆ ನೋವು ಮಾಡಿ ಜಾತ್ರೆಗೆ ಓಡಿದ ಹುಡುಗಿ.

ಬಳೆಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ಸದವಕಾಶವಿತ್ತು ಎಂಬುದೂ ನಿಜ. "ನಾನೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ" ಎಂದು ಎದೆ ಸೆಟೆಸುವ ಗಂಡಸರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಕನ್ನಡದಲ್ಲೂ ಹೇಳುತ್ತಾರೆ, ಉರ್ದುವಿನಲ್ಲೂ ಹೇಳುತ್ತಾರೆ. ಈ ವಿಷಯದಲ್ಲಿ ನಮ್ಮ ಎರಡೂ ಭಾಷೆಗಳಿಗೆ ಸಂಪೂರ್ಣ ಕೋಮು ಸೌಹಾರ್ದವಿದೆ! ಬಳೆಯಲ್ಲಿಯೇ ಬಲವಿದೆ ಎಂಬ ಕಲ್ಪನೆ ಆ ಗಾದೆಯ ಬಾಯಿ ಮುಚ್ಚಿಸಬಹುದಿತ್ತು. ಬಳೆಯ ಬಲ ಏನೆಂದು ಭದ್ರಾವತಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದ ಕಾಗದದ ಕಾರ್ಖಾನೆ, ಇವೆರಡರ ಹೊಗೆಯೇ ಆ ಊರಿನ ಉಸಿರು. ಕಾಗದದ ಯಂತ್ರಗಳು 2015ರ ಹೊತ್ತಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷವೇ ಕೆಲವು ಕೆಲಸ ಮತ್ತೆ ಶುರುವಾಯಿತಾದರೂ ಹಳೆಯ ದಿನಗಳು ಮರಳಲಿಲ್ಲ. ಸಂಬಳ ನಿಂತ ಮನೆಗಳಲ್ಲಿ ಮೊದಲು ಕಳಚಿದ್ದು ಅಮ್ಮಂದಿರ ಕೈಯ ಚಿನ್ನದ ಬಳೆ. ಅದು ಗಿರವಿ ಅಂಗಡಿಗೆ ಹೋಗಿ ಮಗಳ ಕಾಲೇಜಿನ ಫೀಸಾಗಿ ಬಂತು. ನಾನಿಯ ಬಳೆಯಿಂದ ಮೊಮ್ಮಗಳು ಹಾರುವ ಕಥೆ ನಮ್ಮಲ್ಲಿ ದಿನವೂ ನಡೆಯುತ್ತಿದೆ. ಅದರಲ್ಲಿ ಬೆಳಕು ಚಿಮ್ಮುವುದಿಲ್ಲ, ರಸೀದಿ ಬರುತ್ತದೆ. ಸೂಪರ್‌ಮ್ಯಾನನನ್ನು ಉಕ್ಕಿನ ಮನುಷ್ಯ ಎನ್ನುತ್ತಾರೆ. ಉಕ್ಕಿನ ಮನುಷ್ಯರು ನಿಜವಾಗಿ ಬದುಕಿದ ಊರು ಭದ್ರಾವತಿ.

ಮೊದಲ ಕಂತೊಂದು ಹೇಗಿರಬಹುದು ಎಂಬುದಕ್ಕೆ ಉದಾಹರಣೆ ಬೇಕಿದ್ದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2013ರ ಜುಲೈಯಲ್ಲಿ ಪಾಕಿಸ್ತಾನದ ಟೀವಿಯಲ್ಲಿ 'ಬುರ್ಕಾ ಅವೆಂಜರ್' ಎಂಬ ಉರ್ದು ಕಾರ್ಟೂನು ಆರಂಭವಾಯಿತು. ಅದನ್ನು ಮಾಡಿದವರು ಹಾರೂನ್ ಎಂಬ ಪಾಪ್ ಗಾಯಕ. ಕಥಾನಾಯಕಿ ಜಿಯಾ ಒಬ್ಬಳು ಶಾಲಾ ಶಿಕ್ಷಕಿ. ಮೊದಲ ಕಂತಿನಲ್ಲೇ ಬಾಬಾ ಬಂದೂಕ್ ಎಂಬ ದುರುಳ, ಊರಿನ ಭ್ರಷ್ಟ ರಾಜಕಾರಣಿಯೊಡನೆ ಸೇರಿ ಹೆಣ್ಣುಮಕ್ಕಳ ಶಾಲೆಗೆ ಬೀಗ ಹಾಕಿಸುತ್ತಾನೆ. ಜಿಯಾ ಮುಖ ಮರೆಸಿಕೊಂಡು ಬಂದು ಪುಸ್ತಕ ಮತ್ತು ಲೇಖನಿಗಳನ್ನೇ ಆಯುಧವಾಗಿ ಎಸೆದು ಅವರನ್ನು ಸೋಲಿಸುತ್ತಾಳೆ. ಬುರ್ಕಾವನ್ನು ವೀರವೇಷ ಮಾಡಿದ್ದು ಸರಿಯೇ ಎಂದು ಅಲ್ಲಿನ ಮಹಿಳೆಯರೇ ಪ್ರಶ್ನಿಸಿದರು, ಆ ಪ್ರಶ್ನೆಯಲ್ಲಿ ಹುರುಳಿದೆ. ಚಿತ್ರದ ಕುಸುರಿಯಲ್ಲಿ ಅದು ಮಾರ್ವೆಲ್ಲಿನ ಕಾಲ ಧೂಳಿಗೂ ಸಮನಲ್ಲ. ಆದರೆ ಅಲ್ಲಿ ಏನು ಕಳೆದುಕೊಳ್ಳುವುದಿದೆ ಎಂಬುದು ಐದು ನಿಮಿಷದಲ್ಲಿ ಮಗುವಿಗೂ ತಿಳಿಯುತ್ತದೆ. ಶಾಲೆಯ ಬಾಗಿಲು ಮುಚ್ಚಿದೆ, ತೆರೆಯಬೇಕು. ಕಾಗದನಗರದ ಆ ಹುಡುಗಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ನೆನಪು ನಮ್ಮದೇ ದೂರದರ್ಶನದ್ದು. 1997ರ ಸೆಪ್ಟೆಂಬರಿನಿಂದ 2005ರವರೆಗೆ ನಡೆದ 'ಶಕ್ತಿಮಾನ್' ಧಾರಾವಾಹಿಯನ್ನು ಭದ್ರಾವತಿಯ ಹಳೇನಗರದಿಂದ ಶಿವಮೊಗ್ಗದ ಆಝಾದ್ ನಗರದವರೆಗೆ ಎಲ್ಲ ಮನೆಯ ಮಕ್ಕಳೂ ನೋಡುತ್ತಿದ್ದರು. ಅದರ ನಾಯಕ ಪಂಡಿತ್ ಗಂಗಾಧರ ಶಾಸ್ತ್ರಿ, ಅವನ ಶಕ್ತಿಯ ಮೂಲ ಯೋಗ ಮತ್ತು ಪಂಚಭೂತ. ಉರ್ದು ಶಾಲೆಯ ಹುಡುಗರು ಅದರಿಂದ ಧರ್ಮಭ್ರಷ್ಟರಾಗಲಿಲ್ಲ, ಬುಗುರಿಯಂತೆ ಗಿರಗಿರನೆ ತಿರುಗಿ ತಲೆಸುತ್ತಿ ಬಿದ್ದರು ಅಷ್ಟೆ. ಅದು ಕಲಾಕೃತಿಯಾಗಿರಲಿಲ್ಲ, ಅದರ ಸಾಹಸಗಳು ನಗು ಬರಿಸುವಷ್ಟು ಬಡವಾಗಿದ್ದವು. ಆದರೂ ಕತ್ತಲೆಯ ವಿರುದ್ಧ ಒಬ್ಬನಿದ್ದಾನೆ ಎಂಬ ಭಾವ ಅದರಲ್ಲಿತ್ತು, ಆ ಒಬ್ಬ ಎಲ್ಲ ಮಕ್ಕಳಿಗೂ ಸೇರಿದವನಾಗಿದ್ದ. ಮಕ್ಕಳಿಗೆ ವೀರನ ಮಝಹಬ್ ಮುಖ್ಯವಲ್ಲ, ವೀರ ಯಾರ ಪರ ನಿಲ್ಲುತ್ತಾನೆ ಎಂಬುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೆಸರು ನಮ್ಮದಾಗಿದೆ ಎಂಬ ಒಂದೇ ಕಾರಣಕ್ಕೆ ಕುಣಿಯುವ ದೊಡ್ಡವರು ಈ ಸಣ್ಣವರಿಂದ ಕಲಿಯಬೇಕಾದ್ದಿದೆ.

ಒಂದೇ ಕಂತು ನೋಡಿ ಇಷ್ಟೆಲ್ಲ ಹೇಳಬಹುದೇ, ಮುಂದೆ ಕಥೆ ಬೆಳೆಯುತ್ತದಲ್ಲ ಎಂಬ ಆಕ್ಷೇಪಣೆ ಬರಬಹುದು. ಬೆಳೆಯುತ್ತದೆ, ನಿಜ. ಮುಂದೆ ಮಸೀದಿಯಲ್ಲಿ ಹೆಂಗಸರಿಗಿಟ್ಟ ಜಾಗದ ಹಾಳು ಸ್ಥಿತಿಯ ಬಗ್ಗೆ ಮಾತು ಬರುತ್ತದೆ, ನಕಿಯಾ ಮಸೀದಿಯ ಆಡಳಿತ ಮಂಡಳಿಯ ಚುನಾವಣೆಗೆ ನಿಲ್ಲುತ್ತಾಳೆ. ಆಮೇಲೆ ಕರಾಚಿ ಬರುತ್ತದೆ, 1947ರ ವಿಭಜನೆಯ ರೈಲು ಬರುತ್ತದೆ. ಅವು ಕಥೆ ಎನ್ನಿಸಿಕೊಳ್ಳುವ ಸಂಗತಿಗಳು. ಅವನ್ನೆಲ್ಲ ಹಿಂದಕ್ಕೆ ತಳ್ಳಿ ಮೊದಲ ಕಂತಿನಲ್ಲಿ ಜಾತ್ರೆ ಇಟ್ಟದ್ದೇಕೆ? ಅಂಗಡಿಯವನು ಗಾಜಿನ ಕಪಾಟಿನಲ್ಲಿ ಯಾವುದನ್ನು ಮುಂದಿಡುತ್ತಾನೆ ಎಂಬುದರಿಂದ ಅವನ ಮನಸ್ಸು ತಿಳಿಯುತ್ತದೆ. ಮಗುವಿನ ಮನಸ್ಸು ಸೋಲುವುದೂ ಗೆಲ್ಲುವುದೂ ಮೊದಲ ಕಂತಿನಲ್ಲೇ. ಮಾರುಕಟ್ಟೆ ಕೊಟ್ಟ ಪ್ರಾತಿನಿಧ್ಯಕ್ಕೆ ಆಯುಸ್ಸೂ ಮಾರುಕಟ್ಟೆಯದೇ. 2023ರ ನವೆಂಬರಿನಲ್ಲಿ ಇದೇ ಕಮಲಾಳನ್ನು ಮೂವರಲ್ಲಿ ಒಬ್ಬಳನ್ನಾಗಿ ಮಾಡಿ ತೆಗೆದ 'ದಿ ಮಾರ್ವೆಲ್ಸ್' ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಲೆಕ್ಕ ತಪ್ಪಿದಾಗ ಕಂಪನಿ ಹೊಸ ಸರಕಿನ ಕಡೆ ತಿರುಗುತ್ತದೆ. ನಮ್ಮ ಮಕ್ಕಳ ಸ್ವಾಭಿಮಾನವನ್ನು ಅಂಥ ಲೆಕ್ಕದ ಪುಸ್ತಕದಲ್ಲಿ ಬರೆಸಬಾರದು.

ಮಸೀದಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಜೆರ್ಸಿ ಸಿಟಿಯ ನಕಿಯಾಳನ್ನು ಮೆಚ್ಚಿದ ನಮ್ಮವರಲ್ಲಿ ಎಷ್ಟು ಮಂದಿ ಬಾನು ಮುಷ್ತಾಕ್ ಅವರ ಪರ ನಿಂತಿದ್ದರು? ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ 2000ನೇ ಇಸವಿಯಲ್ಲಿ ಅವರು ಬಹಿಷ್ಕಾರ ಎದುರಿಸಿದರು, ಬೆದರಿಕೆಯ ಕರೆಗಳಿಗೆ ಗುರಿಯಾದರು. ಪರದೆಯ ಮೇಲಿನ ಹುಡುಗಿಗೆ ಚಪ್ಪಾಳೆ, ಪಕ್ಕದ ಊರಿನ ಲೇಖಕಿಗೆ ಬಹಿಷ್ಕಾರ! ಇದೇ ಬಾನು ಮುಷ್ತಾಕ್ ಎಂಟು ವರ್ಷದ ಹುಡುಗಿಯಾಗಿದ್ದಾಗ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಲು ಬಂದರು. ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬುದು ಶಾಲೆಯವರ ಷರತ್ತು. ಉರ್ದು ಮನೆಮಾತಿನ ಆ ಹುಡುಗಿ ಕೆಲವೇ ದಿನಗಳಲ್ಲಿ ಕನ್ನಡ ಬರೆಯತೊಡಗಿದಳು. 2025ರ ಮೇ 20ರಂದು ಲಂಡನ್ನಿನಲ್ಲಿ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಕನ್ನಡದ ಕಥೆಗಳಿಗೆ ಮೊತ್ತಮೊದಲ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದುಕೊಟ್ಟರು. ತುಂಗೆಯ ದಡದಲ್ಲಿ ನಡೆದ ಈ ಮೊದಲ ಕಂತಿನಲ್ಲಿ ಬಳೆಯಿಲ್ಲ, ಬೆಳಕಿನ ಕೈಯಿಲ್ಲ. ಒಂದು ಸ್ಲೇಟು ಇದೆ, ಒಂದು ಗಡುವು ಇದೆ, ಮಗಳನ್ನು ಆ ಶಾಲೆಗೆ ಕರೆತಂದ ಮನೆಯೊಂದಿದೆ. ಇದನ್ನು ಯಾವ ಚಾನೆಲ್ಲಿನವರೂ ಮಕ್ಕಳಿಗಾಗಿ ಚಿತ್ರಿಸಲು ಯೋಚಿಸಿಲ್ಲವೆಂದರೆ ಕೊರತೆ ಕಥೆಯದಲ್ಲ.

ಕನ್ನಡದ ಚಾನೆಲ್ಲುಗಳನ್ನೂ ಪ್ರಶ್ನಿಸದೆ ಬಿಡುವಂತಿಲ್ಲ. ದಿನಕ್ಕೆ ಹತ್ತಾರು ಧಾರಾವಾಹಿಗಳು ಬರುತ್ತವೆ. ಅತ್ತೆ ಸೊಸೆಯರ ಜಗಳಕ್ಕೆ ಸಾವಿರ ಕಂತು ಸಿಗುತ್ತದೆ. ಶಾಲೆಗೆ ಹೋಗುವ ಮುಸ್ಲಿಮ್ ಹುಡುಗಿಯೊಬ್ಬಳು, ಮನೆಯಲ್ಲಿ ದಖನಿ ಉರ್ದು ಬೀದಿಯಲ್ಲಿ ಕನ್ನಡ ಮಾತಾಡುತ್ತ, ಪಕ್ಕದ ಮನೆಯ ಗೆಳತಿಯೊಡನೆ ಗಣಿತದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುತ್ತ ಪಾತ್ರವಾಗಿ ಬರುವುದು ಎಲ್ಲಿ? ಬಂದರೆ ಟೋಪಿ ಹಾಕಿದ ಒಬ್ಬ ಒಳ್ಳೆಯ ಚಾಚಾ ಬ್ಯಾರೆ ಧಾಟಿಯ ಕನ್ನಡದಲ್ಲಿ ಎರಡು ಮಾತಾಡಿ ಬಿರಿಯಾನಿ ಕೊಟ್ಟು ಹೋಗುತ್ತಾನೆ. ಆ ಖಾಲಿ ಜಾಗಕ್ಕೇ ಕಮಲಾ ಖಾನ್ ನ್ಯೂಜೆರ್ಸಿಯಿಂದ ಬಂದು ಕುಳಿತಿದ್ದು. ಹಸಿದವನಿಗೆ ಹಳಸಿದ್ದೂ ರುಚಿ.

ಹಸಿವು ನಿಜವಾದ್ದರಿಂದ ಉತ್ತರವೂ ನಿಜವಾಗಿರಬೇಕು. ನಮ್ಮ ಜಮಾಅತ್‌ಗಳು ಮಸೀದಿಯ ಮಿನಾರಿಗೆ ದೀಪ ಹಾಕಿಸಲು ಸಂಗ್ರಹಿಸುವ ಚಂದಾದಲ್ಲಿ ನೂರಕ್ಕೆ ಐದು ರೂಪಾಯಿಯನ್ನು ಮಕ್ಕಳ ಪುಸ್ತಕಕ್ಕೆ ಎತ್ತಿಡಲಿ. ಆ ಪುಸ್ತಕಗಳಿರುವ ಕೋಣೆಯ ಬಾಗಿಲು ಹುಡುಗಿಯರಿಗೂ ತೆರೆದಿರಲಿ, ಅಲ್ಲಿ ಉರ್ದುವಿನ ಪಕ್ಕದಲ್ಲೇ ಕನ್ನಡವಿರಲಿ. ನಮ್ಮ ಪತ್ರಿಕೆಗಳು ತಿಂಗಳಿಗೆ ನಾಲ್ಕು ಪುಟವನ್ನಾದರೂ ಮಕ್ಕಳ ಚಿತ್ರಕಥೆಗೆ ಬಿಟ್ಟುಕೊಡಲಿ. ಬರೆಯುವವರಿದ್ದಾರೆ, ಶಿವಮೊಗ್ಗದ ಕಾಲೇಜುಗಳಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೂ ಕೊರತೆಯಿಲ್ಲ. ಹೆಗ್ಗೋಡಿನ ನೀನಾಸಂ ಇದೇ ಜಿಲ್ಲೆಯಲ್ಲಿದೆ. ಒಂದು ಹಳ್ಳಿ ದೇಶದ ರಂಗಭೂಮಿಯನ್ನೇ ತನ್ನತ್ತ ತಿರುಗಿಸಿದ್ದನ್ನು ಕಣ್ಣಾರೆ ಕಂಡ ಜಿಲ್ಲೆ ನಮ್ಮದು. ದುಡ್ಡಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಕಾಗದನಗರದ ಆ ಹುಡುಗಿ ಕೇಳಿದ್ದು ಗೇಟಿನ ಪ್ರಶ್ನೆ. ಬಳೆಯಿಂದ ಬಂದ ಬಲ ಗೇಟಿನ ಮೇಲೆ ಹಾರಿ ಹೋಗುವುದನ್ನು ಕಲಿಸೀತು, ಹಾರಲಾರದ ಉಳಿದ ಹುಡುಗಿಯರು ಹೊರಗೇ ಉಳಿಯುತ್ತಾರೆ. ನಮಗೆ ಬೇಕಾಗಿರುವುದು ಗೇಟನ್ನು ತೆರೆಸುವವರ ಕಥೆ.